ಫುಡ್ ಬ್ಯಾಂಕ್ ಸಾಲಿನಲ್ಲಿ ನಾವೂ ನಿಲ್ಲಬಹುದಾ? ಸ್ಯಾನ್ ಹೊಸೆ ಕಡೆಯವರು ಹೇಳಿ

ನೀರುದೋಸೆ
ಎರಡು ವರ್ಷದಿಂದ ಇಲ್ಲಿ ಬರೀ ಓದಿಕೊಂಡು ಹೋಗುವವಳು ನಾನು. ಇವತ್ತು ಬರೆಯಲೇಬೇಕಾಯಿತು.

ಯಜಮಾನರ ಕೆಲಸ ಹೋಗಿ ಮೂರು ವಾರ ಆಯಿತು. ಎಚ್‌-1ಬಿ, ಅಂದರೆ ಕೆಲಸದ ವೀಸಾ. ಬೇರೆ ಕೆಲಸ ಹುಡುಕಲು, ಇಲ್ಲದಿದ್ದರೆ ದೇಶ ಬಿಡಲು ಇರುವ 60 ದಿನದ ಲೆಕ್ಕ ಶುರುವಾಗಿದೆ. ನನ್ನದು ಎಚ್‌-4, ಗಂಡನ ವೀಸಾ ಮೇಲೆ ಬಂದದ್ದು, ಕೆಲಸ ಮಾಡುವ ಹಾಗಿಲ್ಲ. ಸನ್ನಿವೇಲ್‌ನಲ್ಲಿ ಒಂದು ಬೆಡ್‌ರೂಮ್ ಮನೆ. ಬಾಡಿಗೆಯೇ ಮೂರು ಸಾವಿರ ಡಾಲರ್ ಹತ್ತಿರ. ಉಳಿಸಿದ್ದೆಲ್ಲ ಹೋದ ವರ್ಷ ಮಾವನವರ ಆಪರೇಷನ್‌ಗೆ ಹೋಯಿತು. ಊರಿನಲ್ಲಿ ಯಾರಿಗೂ ಹೇಳಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಮೆಕ್ಸಿಕನ್ ಅಜ್ಜಿ ಇದ್ದಾರೆ. ನಾನು ಅಂಗಡಿಯಿಂದ ಬರೀ ಈರುಳ್ಳಿ, ಹಾಲು ತರುವುದನ್ನು ನೋಡಿದ್ದಾರೆ ಅನಿಸುತ್ತದೆ. "ಶನಿವಾರ ನನ್ನ ಜೊತೆ ಫುಡ್ ಬ್ಯಾಂಕ್‌ಗೆ ಬಾ, ಸೆಕೆಂಡ್ ಹಾರ್ವೆಸ್ಟ್‌ನವರು ಪುಕ್ಕಟೆ ತರಕಾರಿ, ಮೊಟ್ಟೆ, ಅಕ್ಕಿ ಕೊಡುತ್ತಾರೆ" ಅಂದರು. ನಾನು ನಕ್ಕು ಒಳಗೆ ಬಂದುಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ.

ನಮ್ಮಂಥವರು ಹೋಗಬಹುದಾ? ವೀಸಾ ಕೇಳುತ್ತಾರಾ? ಮುಂದೆ ಗ್ರೀನ್ ಕಾರ್ಡ್‌ಗೆ ತೊಂದರೆ ಆಗುತ್ತದಾ? ನಿಜ ಹೇಳಬೇಕೆಂದರೆ ಇದೆಲ್ಲ ನೆಪ. ಅಲ್ಲಿ ಪರಿಚಯದವರು ಯಾರಾದರೂ ಕಂಡರೆ ಏನು ಮಾಡಲಿ ಅನ್ನೋದೇ ದೊಡ್ಡ ಭಯ.

ಕಡ್ಲೆಪುರಿ
ಹೋಗಿ. ಪರಿಚಯದವರು ಕಂಡರೆ ಅವರೂ ಅದೇ ಸಾಲಿನಲ್ಲಿ ಇರುತ್ತಾರೆ ಅಲ್ವಾ?

ಶನಿವಾರದ ಕೈಗವಸು
ನಾನು ಆರು ವರ್ಷದಿಂದ ಅಲ್ಲಿ ವಾಲಂಟಿಯರ್. ಗೊತ್ತಿರುವಷ್ಟು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ವೀಸಾ ಕೇಳುವುದಿಲ್ಲ. ಮನೆಯಲ್ಲಿ ಎಷ್ಟು ಜನ, ಯಾವ ಪಿನ್‌ಕೋಡ್, ಇಂಥದ್ದು ಕೇಳುತ್ತಾರೆ. ಸಂಬಳದ ಚೀಟಿ, ಪಾಸ್‌ಪೋರ್ಟ್ ಏನೂ ಬೇಡ. ಎರಡು ಗಟ್ಟಿ ಚೀಲ ತೆಗೆದುಕೊಂಡು ಹೋಗಿ, ಅಷ್ಟೇ.

ಇನ್ನು "ನಮ್ಮಂಥವರು" ಅನ್ನೋ ಮಾತು. ಸೆಕೆಂಡ್ ಹಾರ್ವೆಸ್ಟ್ ಆಫ್ ಸಿಲಿಕಾನ್ ವ್ಯಾಲಿ 1974ರಲ್ಲಿ ಶುರುವಾಯಿತು. ಸ್ಯಾಂಟಾ ಕ್ಲಾರಾ, ಸ್ಯಾನ್ ಮಟೆಯೊ, ಎರಡು ಕೌಂಟಿ ಅದರ ಸೀಮೆ. ತಿಂಗಳಿಗೆ ಸುಮಾರು ಐದು ಲಕ್ಷ ಜನಕ್ಕೆ ಆಹಾರ ಮುಟ್ಟಿಸುತ್ತದೆ. ಕೊರೊನಾಕ್ಕೆ ಮುಂಚೆ ಹೆಚ್ಚುಕಡಿಮೆ ಇದರ ಅರ್ಧ ಇತ್ತು. ಗೂಗಲ್, ಆಪಲ್ ಇರುವ ಇದೇ ಎರಡು ಕೌಂಟಿಯಲ್ಲಿ! ಸಾಲಿನಲ್ಲಿ ನಿಲ್ಲುವವರು ಯಾರು ಅಂದರೆ ಊಬರ್ ಓಡಿಸುವವರು, ಆಫೀಸ್ ಗುಡಿಸುವವರು, ಡೇಕೇರ್ ಟೀಚರ್, ಪಿಂಚಣಿ ಸಾಕಾಗದ ಮುದುಕರು. ಕೆಲಸ ಇಲ್ಲದವರು ಕಡಿಮೆ. ಕೆಲಸ ಇದ್ದೂ ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಏನೂ ಉಳಿಯದವರೇ ಜಾಸ್ತಿ.

ತುಂಬಾ ಜನ ಇದನ್ನು ಉಳಿದ ಊಟ ಹಂಚುವ ಜಾಗ ಅಂದುಕೊಂಡಿದ್ದಾರೆ. ಒಳಗೆ ಹೋಗಿ ನೋಡಬೇಕು. ಎಪಿಎಂಸಿ ಯಾರ್ಡ್ ಮೇಲೆ ಸೂರು ಹಾಕಿ ಕೋಲ್ಡ್ ಸ್ಟೋರೇಜ್ ಮಾಡಿದ ಹಾಗೆ ಇರುತ್ತದೆ. ಸಲಿನಾಸ್ ಕಡೆಯ ಹೊಲಗಳಿಂದ ಲಾರಿಗಟ್ಟಲೆ ಕೋಸು, ಕ್ಯಾರೆಟ್ ಬರುತ್ತದೆ. ರುಚಿ ಚೆನ್ನಾಗಿದ್ದರೂ ಸೊಟ್ಟಗಿದೆ ಅಂತ ಅಂಗಡಿಯವರು ಬೇಡ ಅಂದದ್ದು. ಸೂಪರ್ ಮಾರ್ಕೆಟ್‌ಗಳಿಂದ ಹಾಲು, ಬ್ರೆಡ್, ಮಾಂಸ. ಸಾಲದ್ದನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಹಂಚುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ತಾಜಾ ಹಣ್ಣು ತರಕಾರಿಯೇ. ಅಲ್ಲಿಂದ ಚರ್ಚ್, ಶಾಲೆ, ವೃದ್ಧರ ಕೇಂದ್ರಗಳಿಗೆ ಹೋಗುತ್ತದೆ. ನಿಮಗೆ ಕೊಡುವವರು ಅವರು.

ನನ್ನ ಕೆಲಸ ಆರಿಸುವುದು. ಎದೆಯೆತ್ತರದ ರಟ್ಟಿನ ತೊಟ್ಟಿ, ತುಂಬಾ ಕಿತ್ತಳೆ. ಮೊದಲ ದಿನ ನಮ್ಮ ಪಾಳಿಯ ಮುಖ್ಯಸ್ಥೆ ಹೇಳಿದ್ದು ಇಷ್ಟೇ: "ನಿಮ್ಮ ಅಮ್ಮನಿಗೆ ಕೊಡುವ ಹಾಗಿದ್ದರೆ ಡಬ್ಬಕ್ಕೆ, ಇಲ್ಲದಿದ್ದರೆ ಗೊಬ್ಬರಕ್ಕೆ." ನಾನು ಮಂಡಿನೋವಿನ ಮುದುಕ, ಆದರೂ ಎರಡು ಗಂಟೆಯಲ್ಲಿ ಹತ್ತಾರು ಡಬ್ಬ ತುಂಬುತ್ತೇನೆ. ಕಿತ್ತಳೆ ಸಿಕ್ಕರೆ ನನ್ನನ್ನು ನೆನೆಸಿಕೊಳ್ಳಿ.

ಫಾರ್ಮ್ 485
ಗ್ರೀನ್ ಕಾರ್ಡ್ ಪ್ರಶ್ನೆಗೆ: 2022ರ ಪಬ್ಲಿಕ್ ಚಾರ್ಜ್ ನಿಯಮದಲ್ಲಿ, ಅಂದರೆ ಸರ್ಕಾರಕ್ಕೆ ಹೊರೆ ಆಗುವವರಿಗೆ ಗ್ರೀನ್ ಕಾರ್ಡ್ ನಿರಾಕರಿಸುವ ನಿಯಮದಲ್ಲಿ, ಎಣಿಸುವುದು ಸರ್ಕಾರ ಕೈಗೆ ಕೊಡುವ ನಗದು ನೆರವು ಮತ್ತು ಸರ್ಕಾರದ ಖರ್ಚಿನಲ್ಲಿ ದೀರ್ಘಕಾಲ ಆರೈಕೆ ಕೇಂದ್ರದಲ್ಲಿ ಇರುವುದು. ಫುಡ್ ಬ್ಯಾಂಕ್ ಚೀಲ ಅದರಲ್ಲಿ ಬರುವುದಿಲ್ಲ. ಕ್ಯಾಲ್‌ಫ್ರೆಶ್ ಬೇರೆ ವಿಷಯ. ಅದು ಆಹಾರ ಕೊಳ್ಳಲು ಸರ್ಕಾರ ಕೊಡುವ ಸವಲತ್ತು, ಎಚ್‌-1ಬಿ ಅಥವಾ ಎಚ್‌-4 ವೀಸಾದವರಿಗೆ ಹೇಗೂ ಸಿಗುವುದಿಲ್ಲ. ಎರಡನ್ನೂ ಕಲಸಿಕೊಂಡು ಹೆದರುವವರೇ ಜಾಸ್ತಿ. ಆದರೂ ನಿಯಮ ಬದಲಾಗುತ್ತಿರುತ್ತದೆ, ನಿಮ್ಮ ಲಾಯರ್‌ಗೆ ಒಂದು ಸಾಲು ಬರೆದು ಕೇಳಿ.

ಮಗು ಇದೆಯಾ? ಶಾಲೆಗೆ ಹೋಗುತ್ತಿದ್ದರೆ ತಿಂಡಿ, ಊಟ ಅಲ್ಲೇ ಸಿಗುತ್ತದೆ. 2022-23ರಿಂದ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಪುಕ್ಕಟೆ. ಅಪ್ಪನ ಸಂಬಳ ಯಾರೂ ಕೇಳಲ್ಲ.

ನೀರುದೋಸೆ
ಮಗಳು ಒಂದನೇ ಕ್ಲಾಸ್. ಇಷ್ಟು ದಿನ ಡಬ್ಬಿ ಕಟ್ಟಿ ಕಳಿಸುತ್ತಿದ್ದೆ! ಥ್ಯಾಂಕ್ಸ್.

ನೇರಮಾತು
ಎಲ್ಲರೂ ಬೈದರೂ ಸರಿ, ಹೇಳುತ್ತೇನೆ. ಈ ಅಕ್ಕನ ಕಷ್ಟ ನಿಜ, ಅವರು ಹೋಗಲಿ. ಆದರೆ ನಮ್ಮವರಲ್ಲೇ ಕೆಲವರು ಅದನ್ನು ಪುಕ್ಕಟೆ ಸಂತೆ ಮಾಡಿಕೊಂಡಿದ್ದಾರೆ. ನಾನೇ ನೋಡಿದ್ದೇನೆ. ಟೆಸ್ಲಾದಲ್ಲಿ ಬಂದು ಡಿಕ್ಕಿ ತೆಗೆಸಿ ಡಬ್ಬ ಇಡಿಸಿಕೊಂಡು ಹೋದರು. ಮಗ ಸೊಸೆ ಇಬ್ಬರಿಗೂ ಸಂಬಳ, ಅಪ್ಪ ಅಮ್ಮ ವಾಕಿಂಗ್ ಹೋದ ಹಾಗೆ ಹೋಗಿ ಕೋಸು ತರುತ್ತಾರೆ. ಯಾರೂ ಕೇಳಲ್ಲ ಅಂದರೆ ತಗೊಳ್ಳಬಹುದು ಅಂತ ಅರ್ಥನಾ?

ಕಡ್ಲೆಪುರಿ
ಟೆಸ್ಲಾ ತಿನ್ನೋಕೆ ಆಗಲ್ಲ ಗುರು.

ಶನಿವಾರದ ಕೈಗವಸು
@ನೇರಮಾತು, ನನಗೂ ಮೊದಲು ಹೀಗೇ ಹೊಟ್ಟೆ ಉರಿಯುತ್ತಿತ್ತು. ಒಂದು ಬೆಳ್ಳಿ ಬಣ್ಣದ ದೊಡ್ಡ ಕಾರು ಪ್ರತಿ ವಾರ ಬರುತ್ತಿತ್ತು. ಕಾರಿನ ಮೇಲೆ ಕಣ್ಣಿಟ್ಟು ಏನೇನೋ ಕತೆ ಕಟ್ಟಿದ್ದೆ. ಆಮೇಲೆ ಒಂದು ದಿನ ಬರುವುದು ನಿಂತಿತು. ಕೆಲಸ ಸಿಕ್ಕಿತೋ, ಕಾರು ಹೋಯಿತೋ, ಊರಿಗೇ ಹೊರಟುಹೋದರೋ ಗೊತ್ತಿಲ್ಲ. ಕಾರಿನ ಕಂತು ಕೆಲಸ ಇದ್ದಾಗಿನದು, ಹಸಿವು ಇವತ್ತಿನದು. ಬೇರೆಯವರ ಪರವಾಗಿ ಚೀಲ ಒಯ್ಯುವವರೂ ಇರುತ್ತಾರೆ.

ಮೋಸ ಮಾಡುವವರು ಇಲ್ಲ ಅನ್ನುವುದಿಲ್ಲ. ಆದರೆ ನೂರು ಜನರಲ್ಲಿ ಐವರನ್ನು ಹಿಡಿಯಲು ತೊಂಬತ್ತೈದು ಜನರ ಪೇಪರ್ ತಪಾಸಣೆ ಮಾಡಿದರೆ ಈ ತಂಗಿಯಂಥವರು ಮೊದಲು ಹಿಂದೆ ಸರಿಯುತ್ತಾರೆ. ಐವರು ಹೇಗಾದರೂ ಪೇಪರ್ ಮಾಡಿಕೊಂಡು ಬರುತ್ತಾರೆ.

ಟೊರೊಂಟೊ ಥಂಡಿ
ಆ ಐದು ಜನರಿಂದ ಏನಾಗುತ್ತದೆ ಅಂತ ಕೆನಡಾದಲ್ಲಿ ಇರುವ ನಮಗೆ ಗೊತ್ತು. 2024ರಲ್ಲಿ ಭಾರತೀಯ ಮೂಲದ ಒಬ್ಬ ಹುಡುಗ ಫುಡ್ ಬ್ಯಾಂಕ್‌ನಿಂದ ತಿಂಗಳಿಗೆ ನೂರಾರು ಡಾಲರ್ ಉಳಿಸುವುದು ಹೇಗೆ ಅಂತ ವಿಡಿಯೊ ಹಾಕಿದ. ದೇಶವೆಲ್ಲ ಉಗಿಯಿತು. ಅದೇ ವರ್ಷ ವ್ಯಾಂಕೂವರ್ ಕಡೆಯ ದೊಡ್ಡ ಫುಡ್ ಬ್ಯಾಂಕ್ ಮೊದಲ ವರ್ಷದ ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವುದಿಲ್ಲ ಅಂದಿತು. ಬರುವಾಗಲೇ ಖರ್ಚಿಗೆ 20,635 ಡಾಲರ್ ತೋರಿಸಿದ್ದೀರಲ್ಲ ಅನ್ನುವುದು ಅವರ ವಾದ.

ವಾದ ಸರಿ ಇರಬಹುದು. ಆದರೆ ನನ್ನ ರೂಮ್‌ಮೇಟ್ ದಾವಣಗೆರೆ ಹುಡುಗ. ಆ ದುಡ್ಡು ಸಾಲ ಮಾಡಿ ತೋರಿಸಿದ್ದು. ಬಂದ ಮೇಲೆ ಪಾರ್ಟ್ ಟೈಮ್ ಸಿಗದೆ ಎರಡು ತಿಂಗಳು ಬ್ರೆಡ್ಡು, ಕೆಚಪ್ ತಿಂದ. ವಿಡಿಯೊ ಹಾಕಿದವನ ಸುದ್ದಿ ಬಂತು. ಇವನು ಯಾರ ಕಣ್ಣಿಗೂ ಬೀಳಲಿಲ್ಲ.

ಹಳೇಹುಬ್ಬಳ್ಳಿ
ನನಗೊಂದು ಅರ್ಥ ಆಗುವುದಿಲ್ಲ. ಇದಕ್ಕೆ "ಬ್ಯಾಂಕ್" ಅಂತ ಯಾಕೆ ಹೆಸರು? ಬಡ್ಡಿ ಹಾಕುತ್ತಾರಾ?

ಶನಿವಾರದ ಕೈಗವಸು
ಹ್ಹ ಹ್ಹ. ಅದಕ್ಕೊಂದು ಕತೆ ಇದೆ. ಅರಿಜೋನಾದ ಫೀನಿಕ್ಸ್ ಊರಿನಲ್ಲಿ ಜಾನ್ ವ್ಯಾನ್ ಹೆಂಗಲ್ ಅಂತ ಒಬ್ಬರು ಚರ್ಚಿನ ಊಟದ ಮನೆಯಲ್ಲಿ ಸೇವೆ ಮಾಡುತ್ತಿದ್ದರು. ಒಬ್ಬ ತಾಯಿ, ಹತ್ತು ಮಕ್ಕಳು, ಗಂಡ ಜೈಲಿನಲ್ಲಿ. ಅಂಗಡಿಗಳ ಹಿಂದಿನ ಕಸದ ತೊಟ್ಟಿಯಲ್ಲಿ ಬಿಸಾಡಿದ ಒಳ್ಳೆ ಪದಾರ್ಥ ಆರಿಸಿ ಸಂಸಾರ ಸಾಕುತ್ತಿದ್ದಳಂತೆ. ಬಿಸಾಡುವ ಬದಲು ಇಡುವವರು ಒಂದು ಕಡೆ ಇಡಲಿ, ಬೇಕಾದವರು ಬಂದು ತೆಗೆಯಲಿ, ಬ್ಯಾಂಕ್ ಥರ, ಅಂತ ಹೇಳಿದ್ದು ಅವಳೇ. 1967ರಲ್ಲಿ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಶುರುವಾಯಿತು. ಜಗತ್ತಿನ ಮೊದಲನೆಯದು. ಈಗ ಅಮೆರಿಕದಲ್ಲಿ ಸುಮಾರು 200 ಇಂಥ ಬ್ಯಾಂಕ್‌ಗಳು ಫೀಡಿಂಗ್ ಅಮೆರಿಕ ಅನ್ನುವ ಜಾಲದಲ್ಲಿವೆ. ಆ ತಾಯಿಯ ಹೆಸರು ಮಾತ್ರ ಯಾರೂ ಹೇಳುವುದಿಲ್ಲ.

ಹಳೇಹುಬ್ಬಳ್ಳಿ
ಚಲೋ ಕತೆ. ಆದರೆ ಇದು ನಮ್ಮಲ್ಲಿ ಯಾಕೆ ನಡೆಯುವುದಿಲ್ಲ ಅಂತ ಹೇಳುತ್ತೇನೆ. ನಾನು ಮತ್ತು ನಾಲ್ಕು ಗೆಳೆಯರು ಎರಡು ವರ್ಷ ಮದುವೆ ಮನೆಯ ಊಟ ಸಂಗ್ರಹಿಸಿ ಹಂಚಿದ್ದೇವೆ. ಫೋನ್ ಬರುವುದೇ ಮಧ್ಯಾಹ್ನ ಮೂರೂವರೆಗೆ. ಅಲ್ಲಿಯವರೆಗೆ "ಇನ್ನೊಂದು ಪಂಕ್ತಿ ಬರಬಹುದು" ಅಂತ ಕಾಯುತ್ತಾರೆ. ಅಡುಗೆ ಆಗಿದ್ದು ಬೆಳಗ್ಗೆ ಹತ್ತಕ್ಕೆ. ನಾವು ಟೆಂಪೊ ಹಿಡಿದು, ಡ್ರಮ್ ತೊಳೆದು, ಅಲ್ಲಿಗೆ ಮುಟ್ಟುವಷ್ಟರಲ್ಲಿ ಸಾಂಬಾರು ನೊರೆ ಕಟ್ಟಿರುತ್ತದೆ. ಮೇ ತಿಂಗಳ ಬಿಸಿಲು ಬೇರೆ. ಎಷ್ಟೋ ಸಲ ಮೂಸಿ ನೋಡಿ ಚರಂಡಿಗೆ ಸುರಿದಿದ್ದೇವೆ. ಬುಂದಿ ಲಾಡು, ಚಪಾತಿ ಸಿಕ್ಕರೆ ಹಬ್ಬ. ಅನ್ನ, ಸಾರು ಸಿಕ್ಕರೆ ಓಟ.

2012ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದ್ದರು. ಬೆಂಗಳೂರಿನ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಹಾಳು ಅಂತ. ಅಮೆರಿಕದಲ್ಲಿ ಮಿಕ್ಕುವುದು ಹಸಿ ತರಕಾರಿ, ಪ್ಯಾಕೆಟ್. ನಮ್ಮಲ್ಲಿ ಮಿಕ್ಕುವುದು ಬೆಂದ ಅನ್ನ. ಗೋದಾಮಿನಲ್ಲಿ ಇಡಲು ಬರುತ್ತದಾ?

ಫಾರ್ಮ್ 485
ಕಾನೂನೂ ಒಂದು ಕಾರಣ. ಅಮೆರಿಕದಲ್ಲಿ 1996ರಲ್ಲೇ ಗುಡ್ ಸಮಾರಿಟನ್ ಕಾಯ್ದೆ ಬಂತು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಆಹಾರ ತಿಂದು ಯಾರಿಗಾದರೂ ಹೊಟ್ಟೆ ಕೆಟ್ಟರೆ ಕೊಟ್ಟವನ ಮೇಲೆ ಕೇಸು ನಿಲ್ಲುವುದಿಲ್ಲ. ತೀರಾ ಬೇಜವಾಬ್ದಾರಿ ಇದ್ದರೆ ಮಾತು ಬೇರೆ. ಕ್ಯಾಲಿಫೋರ್ನಿಯಾದ ಎಸ್‌ಬಿ 1383 ಅನ್ನುವ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ. 2022ರಿಂದ ದೊಡ್ಡ ಸೂಪರ್ ಮಾರ್ಕೆಟ್‌ಗಳು, 2024ರಿಂದ ದೊಡ್ಡ ಹೋಟೆಲ್ ಮುಂತಾದವರು, ತಿನ್ನಬಹುದಾದ್ದನ್ನು ಬಿಸಾಡುವ ಹಾಗಿಲ್ಲ, ದಾನ ಮಾಡಲೇಬೇಕು. ಭಾರತದಲ್ಲೂ ಮಿಕ್ಕ ಆಹಾರದ ಬಗ್ಗೆ 2019ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ ಮಾಡಿದೆ. ಕಲ್ಯಾಣ ಮಂಟಪದ ಭಟ್ಟರಿಗೆ ಅದನ್ನು ಯಾರು ಹೇಳಬೇಕು?

ಮಂಡ್ಯ ಮುದ್ದೆ
ನಮ್ಮಲ್ಲಿ ಫುಡ್ ಬ್ಯಾಂಕ್ ಇಲ್ಲ ಅಂದವರು ಯಾರು? ರೇಷನ್ ಅಂಗಡಿ ಮತ್ತೇನು? 2013ರಿಂದ ಅನ್ನಭಾಗ್ಯ ಇದೆ. ಚರ್ಚ್ ಮುಂದೆ ಸಾಲು ನಿಲ್ಲಬೇಕಾಗಿಲ್ಲ, ಕಾರ್ಡ್ ಇದ್ದರೆ ಅದು ನಮ್ಮ ಹಕ್ಕು. ಇಲ್ಲಿ ಕೊಡುವುದು ಸರ್ಕಾರ, ಅಲ್ಲಿ ಕೊಡುವುದು ಕಂಪನಿಯವರ ಧಾರಾಳತನ. ನನಗೆ ನಮ್ಮದೇ ಮೇಲು ಅನಿಸುತ್ತದೆ.

ಹಾಂ, ಬೆರಳಚ್ಚು ಹೊಂದುವುದಿಲ್ಲ, ಸರ್ವರ್ ಇಲ್ಲ, ಇವೆಲ್ಲ ಇದ್ದದ್ದೇ. ನಮ್ಮ ಅಜ್ಜಿ ಹೆಬ್ಬೆರಳು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಒತ್ತುತ್ತಾರೆ. ಕಬ್ಬು ಕಡಿದ ಕೈ, ಗೆರೆ ಎಲ್ಲಿ ಉಳಿದಿರುತ್ತದೆ?

ನೇರಮಾತು
ಹಕ್ಕು ಅಂತ ಕೊಟ್ಟ ಅಕ್ಕಿ ಎಷ್ಟು ಮನೆಯಲ್ಲಿ ಕೆಜಿಗೆ ಇಷ್ಟು ಅಂತ ಮಾರಾಟ ಆಗುತ್ತದೆ ಅನ್ನೋದನ್ನೂ ಹೇಳಿ.

ಮಂಡ್ಯ ಮುದ್ದೆ
ಮಾರುತ್ತಾರೆ. ಯಾಕೆ ಅಂತ ಕೇಳಿದ್ದೀರಾ? ರಾಗಿ ತಿನ್ನುವ ಮನೆಗೆ ರಾಶಿ ಅಕ್ಕಿ ಕೊಟ್ಟು ಬೇಳೆ, ಎಣ್ಣೆ ಕೊಡದಿದ್ದರೆ ಅಕ್ಕಿ ಮಾರಿ ಬೇಳೆ ತರುತ್ತಾರೆ. ನಿಮ್ಮ ಫುಡ್ ಬ್ಯಾಂಕ್‌ನಲ್ಲಿ ತರಕಾರಿ, ಮೊಟ್ಟೆ ಕೊಡುತ್ತಾರೆ ಅಂದರಲ್ಲ, ಅದೊಂದು ವಿಷಯದಲ್ಲಿ ಅವರು ಮುಂದೆ. ಒಪ್ಪುತ್ತೇನೆ.

ಕೋಲಾರದ ಕೋಳಿ
2023ರಲ್ಲಿ ಕೇಂದ್ರ ಅಕ್ಕಿ ಕೊಡುವುದಿಲ್ಲ ಅಂದಿತಲ್ಲ, ಆಗ ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ಖಾತೆಗೆ ಹಾಕಿದ್ದರು. ನಮ್ಮ ಅತ್ತೆಗೆ ಅದೇ ಇಷ್ಟವಾಗಿತ್ತು. 2025ರಲ್ಲಿ ಮತ್ತೆ ಅಕ್ಕಿ ಬಂದಾಗ ಬೇಜಾರು ಮಾಡಿಕೊಂಡರು. ಇದಕ್ಕೆಲ್ಲ ಕಾರಣ ಯಾವ ಪಕ್ಷ ಅಂದರೆ

ನಿರ್ವಾಹಕ
ಇಲ್ಲಿಗೆ ನಿಲ್ಲಿಸಿ. ಪಕ್ಷದ ಜಗಳಕ್ಕೆ ಬೇರೆ ಎಳೆ ಇದೆ. ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ.

ಬಾಸುಮತಿ ಬೇಡ
ಆ 2023ರ ಜುಲೈನಲ್ಲೇ ಅಲ್ವಾ ಭಾರತ ಬಾಸುಮತಿ ಅಲ್ಲದ ಬಿಳಿ ಅಕ್ಕಿ ರಫ್ತು ನಿಲ್ಲಿಸಿದ್ದು? ಇಲ್ಲಿ ಇಂಡಿಯನ್ ಅಂಗಡಿಗಳಲ್ಲಿ ಸೋನಾ ಮಸೂರಿಗೆ ನೂಕುನುಗ್ಗಲು. ಒಬ್ಬೊಬ್ಬರು ಐದಾರು ಮೂಟೆ ಹೊತ್ತುಕೊಂಡು ಹೋದರು. ನಾನೂ ಮೂರು ತಂದೆ, ಒಪ್ಪಿಕೊಳ್ಳುತ್ತೇನೆ. ಗ್ಯಾರೇಜಿನಲ್ಲಿ ಇಟ್ಟು ಹುಳ ಹಿಡಿಯಿತು.

ಕಡ್ಲೆಪುರಿ
ಹುಳಕ್ಕೆ ಅನ್ನಭಾಗ್ಯ.

ನಿವೃತ್ತ ಮೇಷ್ಟ್ರು
ನೀರುದೋಸೆ ತಂಗಿಗೆ ಒಂದು ಮಾತು. ನಮ್ಮ ತಂದೆ ಮೈಸೂರಿನಲ್ಲಿ ವಾರಾನ್ನ ಮಾಡಿ ಓದಿದವರು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಬಡ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ ಹಿಡಿದುಕೊಂಡು ಊಟ ಮಾಡುತ್ತಿದ್ದರು. ತಂದೆಯವರಿಗೆ ಆರೇ ಮನೆ ಸಿಕ್ಕಿತ್ತು. ಗುರುವಾರಕ್ಕೆ ಮನೆ ಇರಲಿಲ್ಲ. ಕೇಳಿದವರಿಗೆ "ಗುರುವಾರ ಉಪವಾಸ, ರಾಯರ ವಾರ" ಅನ್ನುತ್ತಿದ್ದರಂತೆ. ಆಮೇಲೆ ಕೆಲಸ ಸಿಕ್ಕಿ, ಮನೆ ಕಟ್ಟಿ, ಎಂಬತ್ತು ದಾಟಿದರೂ ಗುರುವಾರ ಉಪವಾಸ ಬಿಡಲಿಲ್ಲ. ಭಕ್ತಿಯೋ ಅಭ್ಯಾಸವೋ ನಾವು ಕೇಳಲಿಲ್ಲ.

ಇನ್ನು ನೇರಮಾತು ಅವರ ಪ್ರಶ್ನೆ ಹೊಸದಲ್ಲ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಜಾಸ್ತಿ ತಂದಾಗ ಹೆಂಡತಿ ಲಕ್ಕಮ್ಮ ಬೈದಳು, ಹೋಗಿ ಸುರಿದು ಬಾ ಅಂದಳು. ಆದರೆ ಗಮನಿಸಿ, ಬೈದವಳು ಮನೆಯಾಕೆ. ಅಕ್ಕಿ ಚೆಲ್ಲಿದ ಅಂಗಳದವರು ತಕ್ಕಡಿ ಹಿಡಿದು ನಿಂತಿರಲಿಲ್ಲ.

ನೇರಮಾತು
ಮೇಷ್ಟ್ರೇ, ಇದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ. ಆದರೂ ಟೆಸ್ಲಾ ಮರೆಯಲ್ಲ.

ಅವರೆಮೇಳ
ಹಬ್ಬಕ್ಕೆ ನಮ್ಮ ಕನ್ನಡ ಕೂಟದಲ್ಲಿ ಫುಡ್ ಬ್ಯಾಂಕ್‌ಗೆ ಕೊಡಲು ಡಬ್ಬಿ ಆಹಾರ ಸಂಗ್ರಹ ಮಾಡುತ್ತೇವೆ. ಹೋದ ಸಲ ಎರಡು ಡ್ರಮ್ ತುಂಬಿತು. ಇನ್ನೂ ಏನು ಕೊಟ್ಟರೆ ಒಳ್ಳೆಯದು?

ಶನಿವಾರದ ಕೈಗವಸು
ಬೇಜಾರು ಮಾಡಿಕೊಳ್ಳಬೇಡಿ, ದುಡ್ಡು ಕೊಡಿ. ನೀವು ಅಂಗಡಿಯಲ್ಲಿ ಎರಡು ಡಾಲರ್ ಕೊಟ್ಟು ತರುವ ಬೀನ್ಸ್ ಡಬ್ಬಿಯನ್ನು ಅವರು ಲಾರಿ ಲೆಕ್ಕದಲ್ಲಿ ತುಂಬಾ ಕಡಿಮೆಗೆ ತರುತ್ತಾರೆ. ಡ್ರಮ್‌ಗೆ ಬಿದ್ದದ್ದನ್ನು ಒಬ್ಬರು ಕೂತು ತಾರೀಖು ನೋಡಬೇಕು. ನನ್ನ ಕೈಗೆ 2011ರ ಅನಾನಸ್ ಡಬ್ಬಿ ಬಂದಿದೆ. ಗಿಟ್ಸ್ ಗುಲಾಬ್ ಜಾಮೂನ್ ಪ್ಯಾಕೆಟ್ ಕೂಡ. ಅದನ್ನು ಹಾಕಿದವರು ನಮ್ಮವರೇ, ಅನುಮಾನವೇ ಇಲ್ಲ.

ಸಮಯ ಇದ್ದರೆ ವಾರದ ಮಧ್ಯೆ ಬನ್ನಿ. ನವೆಂಬರ್, ಡಿಸೆಂಬರ್‌ನಲ್ಲಿ ಎಲ್ಲರಿಗೂ ಕರುಣೆ ಉಕ್ಕಿ ಪಾಳಿ ಸಿಗುವುದಿಲ್ಲ. ಜೂನ್, ಜುಲೈನಲ್ಲಿ ನಾಲ್ಕು ಜನ ಇರುತ್ತೇವೆ.

ಅವರೆಮೇಳ
ಮಕ್ಕಳಿಗೆ ಡಬ್ಬಿ ಹಾಕುವುದೇ ಖುಷಿ. ಚೆಕ್ ಬರೆಯುವುದರಲ್ಲಿ ಅವರಿಗೇನು ತಿಳಿಯುತ್ತದೆ?

ಫಾರ್ಮ್ 485
ಇದನ್ನೂ ಹೇಳಿಬಿಡುತ್ತೇನೆ. ಫುಡ್ ಬ್ಯಾಂಕ್‌ನವರು "ಇಷ್ಟು ಕೋಟಿ ಊಟ ಕೊಟ್ಟೆವು" ಅನ್ನುವುದು ತೂಕದ ಲೆಕ್ಕ. 1.2 ಪೌಂಡ್ ಆಹಾರಕ್ಕೆ ಒಂದು ಊಟ. ಅಂದರೆ ಅರ್ಧ ಕೆಜಿ ಚಿಲ್ಲರೆ.

ಕಡ್ಲೆಪುರಿ
ಅರ್ಧ ಕೆಜಿ ಮೂಲಂಗಿ ಒಂದು ಊಟನಾ? ಪಕ್ಕದಲ್ಲಿ ಕೂತವರ ಗತಿ?

ಶನಿವಾರದ ಕೈಗವಸು
ತಮಾಷೆ ಇರಲಿ, 2025ರ ನವೆಂಬರ್ ನೆನಪಿದೆಯಾ? ಫೆಡರಲ್ ಸರ್ಕಾರ ಬಂದ್ ಆಗಿ ಸ್ನ್ಯಾಪ್ ದುಡ್ಡು, ಅಂದರೆ ಬಡವರಿಗೆ ಆಹಾರ ಕೊಳ್ಳಲು ಕೊಡುವ ನೆರವು, ತಡೆದಿತ್ತು. ದೇಶದಲ್ಲಿ ಸುಮಾರು 4.2 ಕೋಟಿ ಜನ ಅದನ್ನು ನಂಬಿಕೊಂಡಿರುವವರು. ಆ ವಾರ ನಮ್ಮ ಹತ್ತಿರ ಮೊದಲ ಸಲ ಬಂದವರ ಮುಖ ಈಗಲೂ ಕಣ್ಣ ಮುಂದಿದೆ. "ಎಲ್ಲಿ ನಿಲ್ಲಬೇಕು" ಅಂತ ಕೇಳುವಾಗ ಧ್ವನಿ ಸಣ್ಣದಾಗುತ್ತದೆ. ಮಂಡ್ಯದವರು ಹೇಳಿದ್ದು ಇಲ್ಲಿ ನಿಜ. ಸರ್ಕಾರ ಕೈ ಬಿಟ್ಟರೆ ಫುಡ್ ಬ್ಯಾಂಕ್ ಅದರ ಭಾರ ಹೊರಲಾರದು. ಸ್ವಲ್ಪ ದಿನ ತಡೆಯಬಹುದು.

ಮಂಡ್ಯ ಮುದ್ದೆ
ಅದನ್ನೇ ನಾನು ಹೇಳಿದ್ದು ಸ್ವಾಮಿ.

ನೀರುದೋಸೆ
ಶನಿವಾರ ಹೋಗಿ ಬಂದೆ.

ಅಜ್ಜಿ ಮುಂದೆ, ನಾನು ಹಿಂದೆ. ದುಪಟ್ಟಾ ತಲೆ ಮೇಲೆ ಹಾಕಿಕೊಂಡಿದ್ದೆ, ಸುಮ್ನೆ ಬಿಸಿಲು ಅಂತ. ಹೆಸರು, ಪಿನ್‌ಕೋಡ್, ಮನೆಯಲ್ಲಿ ಎಷ್ಟು ಜನ ಅಂತ ಕೇಳಿದರು. ಮೂರು ಅಂದೆ. ಮುಗಿಯಿತು. ಕ್ಯಾರೆಟ್, ಈರುಳ್ಳಿ, ಒಂದು ಕೋಸು, ಸೇಬು, ಮೊಟ್ಟೆ, ಹಾಲು, ಅಕ್ಕಿ, ಒಂದು ಚೀಲ ಒಣ ಬೀನ್ಸ್. ಚಿಕನ್ ಕೊಟ್ಟರು, ಬೇಡ ಅಂದೆ, ಅಜ್ಜಿ "ನನಗೆ ಕೊಡಿ" ಅಂತ ತಗೊಂಡರು. ಕಿತ್ತಳೆ ಇರಲಿಲ್ಲ ಕೈಗವಸು ಸರ್.

ಪರಿಚಯದವರು ಸಿಕ್ಕರು. ಮಗಳ ಕ್ಲಾಸಿನ ಒಂದು ಹುಡುಗನ ಅಮ್ಮ, ತೆಲುಗಿನವರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮುಖ ತಿರುಗಿಸಿದೆವು. ಆಮೇಲೆ ಪಾರ್ಕಿಂಗ್‌ನಲ್ಲಿ ಅವರೇ ಬಂದು, "ಕೋಸು ಎರಡು ಬಂದಿದೆ, ಒಂದು ಬೇಕಾ?" ಅಂದರು. ನನ್ನ ಹತ್ತಿರವೂ ಇತ್ತು. ಆದರೂ ತಗೊಂಡೆ. ಯಾಕೆ ಅಂತ ಗೊತ್ತಿಲ್ಲ.

ಈಗ ಮನೆಯಲ್ಲಿ ಎರಡು ಕೋಸು. ಮತ್ತೆ ಆ ಬೀನ್ಸ್, ಕಂದು ಬಣ್ಣ, ಮೇಲೆ ಚುಕ್ಕಿ ಇದೆ. ಏನು ಮಾಡುವುದು?

ಬಾಸುಮತಿ ಬೇಡ
ಪಿಂಟೊ ಬೀನ್ಸ್. ರಾತ್ರಿ ನೆನೆಹಾಕಿ. ಬೆಳಗ್ಗೆ ಆ ನೀರು ಚೆಲ್ಲಿ ಕುಕ್ಕರ್‌ನಲ್ಲಿ ಐದು ಸೀಟಿ. ಹುಳಿ, ಸಾರಿನ ಪುಡಿ, ಕಾಯಿ ಇದ್ದರೆ ಕಾಯಿ. ಅಲಸಂದೆ ಕಾಳಿನ ಹುಳಿ ಮಾಡಿದ ಹಾಗೇ.

ಹಳೇಹುಬ್ಬಳ್ಳಿ
ಕಾಯಿ ಬೇಡ. ಗುರೆಳ್ಳು ಪುಡಿ, ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿ. ಕೋಸು ಹಸಿಯಾಗಿ ಹೆಚ್ಚಿ ಪಕ್ಕಕ್ಕೆ.

ಬಾಸುಮತಿ ಬೇಡ
ಸನ್ನಿವೇಲ್‌ನಲ್ಲಿ ಗುರೆಳ್ಳು ಎಲ್ಲಿ ತರುತ್ತಾರೆ ಮಾರಾಯರೇ?

ಶನಿವಾರದ ಕೈಗವಸು
ನನ್ನ ಹತ್ತಿರ ಇದೆ, ಊರಿಂದ ತಂದದ್ದು. @ನೀರುದೋಸೆ, ಮೆಸೇಜ್ ಹಾಕಿ, ತಂದುಕೊಡುತ್ತೇನೆ. ಯಜಮಾನರ ರೆಸ್ಯೂಮೆ ಕೂಡ ಕಳಿಸಿ.

ಕಡ್ಲೆಪುರಿ
ಇಂಗು ಹಾಕೋದು ಮರೀಬೇಡಿ. ಒಂದೇ ಬೆಡ್‌ರೂಮ್ ಅಂದ್ರಲ್ಲ.